ಇಸುಬು, ಪಥ್ಯ ಮತ್ತು ಬಸವನಗುಡಿಯ ಕಡಲೆಕಾಯಿ

ಮಗುವಿನ ಮೊಣಕೈ ಮಡಿಕೆಯಲ್ಲೋ ಕುತ್ತಿಗೆಯ ಸಂದಿಯಲ್ಲೋ ಇಸುಬು ಕಾಣಿಸಿಕೊಂಡಿತೆಂದರೆ, ಬೆಂಗಳೂರಿನ ಹಳೆಯ ಬಡಾವಣೆಗಳ ಮನೆಗಳಲ್ಲಿ ಔಷಧಿಗಿಂತ ಮೊದಲು ಬರುವುದು ಪಥ್ಯ. ಬಸವನಗುಡಿಯ ಅಜ್ಜಿ 'ನಂಜಿನ ಪದಾರ್ಥ ಕೊಡಬೇಡಿ' ಎನ್ನುತ್ತಾರೆ. ಚಾಮರಾಜಪೇಟೆಯ ದಾದಿ 'ಗರಮ್ ಚೀಜ್ ಬಂದ್ ಕರೋ' ಎನ್ನುತ್ತಾರೆ. ಭಾಷೆ ಬೇರೆ, ಪಟ್ಟಿ ಹೆಚ್ಚುಕಡಿಮೆ ಒಂದೇ. ಬದನೆಕಾಯಿ ಬೇಡ, ಕಡಲೆಕಾಯಿ ಬೇಡ, ಮಾವು–ಹಲಸು ಬೇಡ, ಹುಳಿ ಬೇಡ. ಮಾಂಸಾಹಾರಿಗಳ ಮನೆಯಾದರೆ ಮೊಟ್ಟೆ, ಮೀನು, ಒಣಮೀನು, ದೊಡ್ಡ ಮಾಂಸ ಇವೂ ಬೇಡ. ಪಟ್ಟಿ ಹೇಳುವವರಲ್ಲಿ ಯಾರಿಗೂ ಅದು ಎಲ್ಲಿಂದ ಬಂತೆಂದು ಗೊತ್ತಿರುವುದಿಲ್ಲ. ಪಟ್ಟಿ ಪಾಲಿಸುವ ಮಗುವಿಗಂತೂ ಕೇಳುವ ಹಕ್ಕೇ ಇಲ್ಲ. ಈ ಪಟ್ಟಿಗೊಂದು ಇತಿಹಾಸವಿದೆ. ಅದು ಬಗ್ದಾದಿನಿಂದ ಬುಲ್ ಟೆಂಪಲ್ ರಸ್ತೆಯವರೆಗೆ ಹಬ್ಬಿಕೊಂಡಿರುವ ಇತಿಹಾಸ.

ಮೊದಲು ಕಾಯಿಲೆಯ ಹೆಸರುಗಳನ್ನೇ ನೋಡೋಣ. ಕನ್ನಡದಲ್ಲಿ ಇಸುಬು. ಕಜ್ಜಿ, ತುರಿ, ಹುಳುಕಡ್ಡಿಗಳನ್ನೂ ಜನ ಇದರೊಂದಿಗೆ ಬೆರೆಸಿಬಿಡುವುದುಂಟು; ಆದರೆ ಅವು ಬೇರೆ. ಕಜ್ಜಿ ಹುಳದಿಂದ, ಹುಳುಕಡ್ಡಿ ಶಿಲೀಂಧ್ರದಿಂದ ಬರುತ್ತವೆ ಮತ್ತು ಒಬ್ಬರಿಂದೊಬ್ಬರಿಗೆ ಅಂಟುತ್ತವೆ. ಇಸುಬು ಅಂಟುವುದಿಲ್ಲ. ಉರ್ದುವಿನಲ್ಲಿ ಇದನ್ನು ಛಾಜನ್ ಎನ್ನುತ್ತಾರೆ. ಯುನಾನಿ ಗ್ರಂಥಗಳಲ್ಲಿ ಇದಕ್ಕೆ ಹೊಂದಿಸಿ ಹೇಳುವ ಹೆಸರು ನಾರ್-ಎ-ಫಾರ್ಸಿ, ಅಂದರೆ ಪಾರಸಿಯ ಬೆಂಕಿ. ಆಯುರ್ವೇದದಲ್ಲಿ ಹದಿನೆಂಟು ಬಗೆಯ ಕುಷ್ಠಗಳ ಸಾಲಿನಲ್ಲಿ ಬರುವ ವಿಚರ್ಚಿಕೆಯನ್ನು ಇದಕ್ಕೆ ಹತ್ತಿರದ್ದೆಂದು ವೈದ್ಯರು ಗುರುತಿಸುತ್ತಾರೆ. ಎಕ್ಸಿಮಾ ಎಂಬ ಗ್ರೀಕ್ ಮೂಲದ ಪದದ ಅರ್ಥ ಕುದಿದು ಉಕ್ಕುವುದು. ಪಾರಸಿಯವರಿಗೆ ಬೆಂಕಿ, ಗ್ರೀಕರಿಗೆ ಕುದಿತ. ಒಳಗೆ ಏನೋ ಕಾದಿದೆ, ಅದು ಚರ್ಮದ ಮೇಲೆ ಉಕ್ಕಿದೆ ಎಂಬ ಕಲ್ಪನೆ ಎಷ್ಟೊಂದು ನಾಡುಗಳಲ್ಲಿ ಒಂದೇ ತೆರನಾಗಿ ಮೂಡಿತು! ಒಳಗಿನ ಕುದಿತ ಎಂದ ಮೇಲೆ ಒಲೆ ಹೊಟ್ಟೆಯಲ್ಲೇ ಇರಬೇಕು, ಸೌದೆ ಊಟವೇ ಆಗಿರಬೇಕು. ಪಥ್ಯದ ತರ್ಕ ಇಲ್ಲಿಂದ ಶುರುವಾಗುತ್ತದೆ.

ಹಾಲು ಮತ್ತು ಮೀನನ್ನು ಒಟ್ಟಿಗೆ ತಿನ್ನಬಾರದೆಂಬ ಮಾತು ಕೇಳದ ಮನೆ ನಮ್ಮಲ್ಲಿ ಇಲ್ಲ. ಚರಕಸಂಹಿತೆಯಲ್ಲಿ ಇದು ವಿರುದ್ಧಾಹಾರದ ಮುಖ್ಯ ಉದಾಹರಣೆ. ಚರ್ಮದ ರೋಗಗಳಿಗೆ ಅದು ಹೇಳುವ ಕಾರಣಗಳಲ್ಲಿ ವಿರುದ್ಧಾಹಾರವೂ ಒಂದು. ಸುಮಾರು ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತನ್ನ 'ಕಾನೂನ್' ಗ್ರಂಥದಲ್ಲಿ ಇದೇ ನಿಷೇಧವನ್ನು ಬರೆದಿದ್ದಾನೆ. ಇದರಿಂದ ಕುಷ್ಠದಂಥ ದೀರ್ಘ ರೋಗಗಳು ಬರಬಹುದು ಎನ್ನುತ್ತಾನೆ. ಕುತೂಹಲದ ಸಂಗತಿಯೆಂದರೆ, ಇಂಥ ನಿಯಮಗಳು ಹಿಂದೂಸ್ತಾನದವರು ಮತ್ತಿತರರು ಅನುಭವದಿಂದ ಕಂಡುಕೊಂಡದ್ದೆಂದು ಆತ ಅಲ್ಲಿಯೇ ಹೇಳಿಬಿಡುತ್ತಾನೆ. ಅವನಿಗಿಂತ ಮೊದಲೇ, ಅಬ್ಬಾಸೀ ಖಲೀಫರ ಕಾಲದ ಬಗ್ದಾದಿನಲ್ಲಿ ಚರಕ–ಸುಶ್ರುತರು ಅರಬ್ಬಿ ಭಾಷೆಗೆ ಬಂದಿದ್ದರು. 850ರ ಸುಮಾರಿಗೆ ಅಲಿ ಇಬ್ನ್ ರಬ್ಬನ್ ಅಲ್-ತಬರಿ ಬರೆದ 'ಫಿರ್ದೌಸುಲ್ ಹಿಕ್ಮಾ'ದಲ್ಲಿ ಭಾರತೀಯ ವೈದ್ಯಕ್ಕೆಂದೇ ಒಂದು ಭಾಗವಿದೆ. ಇಲ್ಲಿಂದ ಹೋದ ಮಾತು ಅಲ್ಲಿ ಯುನಾನಿಯ ಬಟ್ಟೆ ತೊಟ್ಟು, ಶತಮಾನಗಳ ನಂತರ ಹಕೀಮರ ಜೊತೆ ದಖನ್ನಿಗೆ ಮರಳಿತು. ಹಾಗಾಗಿ ಪಥ್ಯ ಹಿಂದೂಗಳದು, ಪರಹೇಜ್ ಮುಸ್ಲಿಮರದು ಎಂದು ಗೆರೆ ಎಳೆಯಲು ಹೊರಟವರಿಗೆ ಗೆರೆ ಎಲ್ಲಿ ಎಳೆಯಬೇಕೆಂದು ತಿಳಿಯಲಾರದು.

ಬೆಂಗಳೂರಿನಲ್ಲಿ ಈ ಎರಡೂ ಹೊಳೆಗಳು ಕೂಡಿದ್ದು ಪೇಟೆಯಲ್ಲಿ. ಇಂದಿನ ಚಾಮರಾಜಪೇಟೆಯ ಅಂಚಿನಲ್ಲಿರುವ ಟಿಪ್ಪುವಿನ ಬೇಸಿಗೆ ಅರಮನೆ ಪೂರ್ಣಗೊಂಡದ್ದು 1791ರಲ್ಲಿ. ಶ್ರೀರಂಗಪಟ್ಟಣದ ಅವನ ಗ್ರಂಥಭಂಡಾರದಲ್ಲಿ ಪಾರಸಿ–ಅರಬ್ಬಿಯ ವೈದ್ಯ ಗ್ರಂಥಗಳೂ ಇದ್ದುವು. 1799ರ ನಂತರ ಇಂಗ್ಲಿಷರ ಕೈ ಸೇರಿದ ಆ ಭಂಡಾರದ ವಿವರವನ್ನು ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಪಟ್ಟಿಮಾಡಿ ಪ್ರಕಟಿಸಿದ. ಮೈಸೂರಿನಲ್ಲಿ 1908ರಲ್ಲಿ ಆರಂಭವಾದ ಸರ್ಕಾರಿ ಆಯುರ್ವೇದ ಕಾಲೇಜಿನಲ್ಲಿ ಮುಂದೆ ಯುನಾನಿಯನ್ನೂ ಕಲಿಸಲಾಯಿತು. ಬೆಂಗಳೂರಿನ ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ರಾಷ್ಟ್ರೀಯ ಯುನಾನಿ ವೈದ್ಯ ಸಂಸ್ಥೆಯೇ ಇದೆ. 1984ರಲ್ಲಿ ಹುಟ್ಟಿ, 2004ರಿಂದ ಪಾಠ ನಡೆಸುತ್ತಿರುವ ಸಂಸ್ಥೆ ಅದು. ಚಿಕ್ಕಪೇಟೆಯ ಆಸುಪಾಸಿನ ಗ್ರಂಥಿಗೆ ಅಂಗಡಿಗಳಿಗೆ ಈ ಇತಿಹಾಸವೆಲ್ಲ ಬೇಕಿಲ್ಲ. ಹಕೀಮರ ಚೀಟಿಯ ಚಿರಾಯಿತಾ, ಶಾಹತರಾ, ಉನ್ನಾಬುಗಳೂ ಪಂಡಿತರ ಚೀಟಿಯ ಸೊಗದೆ ಬೇರೂ ಅಲ್ಲಿ ಒಂದೇ ತಕ್ಕಡಿಯಲ್ಲಿ ತೂಗಿಸಿಕೊಂಡು ಬಂದಿವೆ. ಇಬ್ಬರೂ ಹೇಳುವುದು ರಕ್ತಶುದ್ಧಿಯ ಮಾತನ್ನೇ.

ಆದರೆ ಹಳೆಯ ಹಕೀಮರಾಗಲಿ ಪಂಡಿತರಾಗಲಿ ಎಲ್ಲರಿಗೂ ಒಂದೇ ಪಟ್ಟಿ ಕೊಡುತ್ತಿರಲಿಲ್ಲ. ಯುನಾನಿಯಲ್ಲಿ ಮೊದಲ ಪ್ರಶ್ನೆ ಮಿಜಾಜಿನದು. ಈತ ದಮವಿಯೋ, ಬಲ್ಗಮಿಯೋ, ಸಫ್ರಾವಿಯೋ, ಸೌದಾವಿಯೋ? ಏನು ತಿಂದರೆ ಹೆಚ್ಚುತ್ತದೆ, ಯಾವ ಋತುವಿನಲ್ಲಿ ಹೆಚ್ಚುತ್ತದೆ, ನಿದ್ರೆ ಹೇಗೆ, ಕಸುಬು ಏನು? ಇಷ್ಟು ವಿಚಾರಿಸಿದ ಮೇಲೆಯೇ ಪರಹೇಜ್. ನಾಲ್ಕು ದೋಷರಸಗಳ ಸಿದ್ಧಾಂತವನ್ನು ಇಂದು ನಾವು ಒಪ್ಪಬೇಕಾಗಿಲ್ಲ. ಆದರೆ ರೋಗಿಯನ್ನು ಕೂರಿಸಿಕೊಂಡು ಅವನ ಊಟದ ಕಥೆಯನ್ನು ಪೂರ್ತಿ ಕೇಳುವ ಅಭ್ಯಾಸ ಅದರೊಳಗಿತ್ತು. ವೈದ್ಯರ ಚಾವಡಿಯಿಂದ ಪಟ್ಟಿ ಅಡುಗೆಮನೆಗೆ ಬರುವಷ್ಟರಲ್ಲಿ ಪ್ರಶ್ನೆಗಳು ದಾರಿಯಲ್ಲೇ ಉದುರಿಹೋದವು. ಉಳಿದದ್ದು ನಿಷೇಧಗಳು ಮಾತ್ರ.

ಚರಕನ ಪ್ರಕಾರ ಪಥ್ಯವೆಂದರೆ ದೇಹದ ದಾರಿಗೆ ತೊಡಕಾಗದ್ದು ಮತ್ತು ಮನಸ್ಸಿಗೆ ಹಿತವಾದದ್ದು. ಅಂದರೆ ತಿನ್ನಬೇಕಾದದ್ದೂ ಪಥ್ಯವೇ. ಹದೀಸಿನಲ್ಲಿಯೂ ಒಂದು ಪ್ರಸಂಗ ಬರುತ್ತದೆ. ಕಾಯಿಲೆಯಿಂದ ಆಗಷ್ಟೇ ಎದ್ದಿದ್ದ ಹಜ್ರತ್ ಅಲಿಯವರು ತೂಗುಹಾಕಿದ್ದ ಖರ್ಜೂರದ ಗೊನೆಯಿಂದ ತಿನ್ನಲು ಹೋದಾಗ ಪ್ರವಾದಿಯವರು ತಡೆಯುತ್ತಾರೆ. ಆತಿಥೇಯಳಾದ ಉಮ್ಮುಲ್ ಮುಂದಿರ್ ಜವೆಗೋಧಿ ಮತ್ತು ಸೊಪ್ಪನ್ನು ಬೇಯಿಸಿ ತಂದಾಗ, ಇದನ್ನು ತಿನ್ನು, ಇದು ನಿನಗೆ ಹೆಚ್ಚು ಹಿತ ಎನ್ನುತ್ತಾರೆ. ನಮ್ಮ ಮನೆಗಳಲ್ಲಿ ಈ ಪ್ರಸಂಗದ ಮೊದಲರ್ಧವನ್ನಷ್ಟೇ ನೆನಪಿಟ್ಟುಕೊಂಡಂತಿದೆ. ಖರ್ಜೂರ ಕಿತ್ತುಕೊಳ್ಳುವ ಕೈಗಳು ಬಹಳ, ಜವೆಗೋಧಿಯ ತಟ್ಟೆ ಮುಂದಿಡುವವರು ಕಡಿಮೆ.

ಇನ್ನು ಕಡಲೆಕಾಯಿಯ ವಿಚಾರ. ಬಸವನಗುಡಿಯೆಂದರೆ ಕಾರ್ತಿಕದ ಕೊನೆಯ ಸೋಮವಾರದ ಪರಿಷೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿಗಳ ರೈತರ ಕಡಲೆಕಾಯಿ ಬೆಳೆಯನ್ನು ರಾತ್ರಿ ಹೊತ್ತು ಬಸವ ಬಂದು ಮೇಯುತ್ತಿದ್ದ, ಅವನನ್ನು ಒಲಿಸಿಕೊಳ್ಳಲು ಮೊದಲ ಫಸಲನ್ನು ಅರ್ಪಿಸತೊಡಗಿದರು ಎಂಬುದು ಐತಿಹ್ಯ. ದೇಗುಲವನ್ನು ಕೆಂಪೇಗೌಡರ ಕಾಲಕ್ಕೆ, 1537ರ ಸುಮಾರಿಗೆ ಒಯ್ಯುತ್ತಾರೆ. ಆದರೆ ಕಡಲೆಕಾಯಿ ಮೂಲತಃ ದಕ್ಷಿಣ ಅಮೆರಿಕದ ಬೆಳೆ. ಪೋರ್ಚುಗೀಸರ ಕಾಲದ ಕಡಲ ವ್ಯಾಪಾರದ ಬೆನ್ನಿಗೆ ಅದು ಏಷ್ಯಾಕ್ಕೆ ಬಂತು. ದಕ್ಷಿಣ ಭಾರತದಲ್ಲಿ ದೊಡ್ಡ ಪ್ರಮಾಣದ ಬೆಳೆಯಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಐತಿಹ್ಯದ ಕಾಲಗಣನೆಯನ್ನು ಅಳೆಯುವುದು ನನ್ನ ಉದ್ದೇಶವಲ್ಲ, ಜನರ ಹಬ್ಬಕ್ಕೆ ದಿನಾಂಕದ ದಾಖಲೆ ಬೇಕಿಲ್ಲ. ನಾನು ಹೇಳಹೊರಟದ್ದು ಇಷ್ಟೆ: ಚರಕನಿಗೂ ಇಬ್ನ್ ಸೀನಾನಿಗೂ ಕಡಲೆಕಾಯಿ ಗೊತ್ತಿರಲಿಲ್ಲ. ಟೊಮ್ಯಾಟೊ, ಆಲೂಗಡ್ಡೆ, ಮೆಣಸಿನಕಾಯಿ ಕೂಡ ಅವರಿಗೆ ಗೊತ್ತಿರಲಿಲ್ಲ. ಬದನೆಯ ಬಗ್ಗೆ ಇಬ್ನ್ ಸೀನಾ ದೂರು ಹೇಳಿದ್ದಾನೆ, ಅದು ಕರಿಪಿತ್ತವನ್ನು ಹೆಚ್ಚಿಸುತ್ತದೆ, ಬಣ್ಣ ಕೆಡಿಸುತ್ತದೆ ಎಂದಿದ್ದಾನೆ. ಆದ್ದರಿಂದ ಬದನೆಗೆ ಶಾಸ್ತ್ರದ ಆಧಾರ ಉಂಟೆನ್ನಬಹುದು. ಕಡಲೆಕಾಯಿಯನ್ನು ನಂಜಿನ ಪಟ್ಟಿಗೆ ಸೇರಿಸಿದವರು ಮಾತ್ರ ಯಾವ ಆಚಾರ್ಯರೂ ಅಲ್ಲ. ನಮ್ಮ ಮುತ್ತಜ್ಜಿ–ಮುತ್ತಜ್ಜಂದಿರೇ, ಅದೂ ತೀರಾ ಇತ್ತೀಚಿನ ಶತಮಾನಗಳಲ್ಲಿ ಸೇರಿಸಿದ್ದು. ಅನಾದಿಯೆಂದು ನಂಬಿಕೊಂಡು ಬಂದ ಪಟ್ಟಿ ಅಷ್ಟೇನೂ ಅನಾದಿಯದಲ್ಲ. ಹೊಸ ಪದಾರ್ಥ ಊರಿಗೆ ಬಂದಾಗಲೆಲ್ಲ ಅದು ಬೆಳೆದಿದೆ.

ಈಗ ಹೊಸ ವೈದ್ಯದ ಕಡೆ ಬರೋಣ. 1892ರಲ್ಲಿ ಚಾಮರಾಜಪೇಟೆ ರೂಪುಗೊಂಡಿತು. 1898ರ ಪ್ಲೇಗು ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಹೆಣ ಕೆಡವಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಗಾಳಿ ಬೆಳಕಿನ ಬಡಾವಣೆಗಳಾಗಿ ಬೆಳೆದವು. ಕೋಟೆಯ ಪಕ್ಕದಲ್ಲಿ ವಿಕ್ಟೋರಿಯಾ ಆಸ್ಪತ್ರೆ 1900ರಲ್ಲಿ ಲಾರ್ಡ್ ಕರ್ಜನ್ ಕೈಯಿಂದ ಉದ್ಘಾಟನೆಗೊಂಡಿತು. ಅಷ್ಟು ಹೊತ್ತಿಗೆ ಯುರೋಪಿನಲ್ಲಿ ರಕ್ತ ಕೆಟ್ಟು ಇಸುಬು ಬರುತ್ತದೆಂಬ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದಾಗಿತ್ತು. ವಿಯೆನ್ನಾದ ಫರ್ಡಿನಾಂಡ್ ಫಾನ್ ಹೆಬ್ರಾ ಎಂಬ ವೈದ್ಯ ಜಾಪಾಳದ ಎಣ್ಣೆಯನ್ನು ಆರೋಗ್ಯವಂತ ಚರ್ಮಕ್ಕೆ ಉಜ್ಜಿ ಅಲ್ಲಿ ಎಕ್ಸಿಮಾದಂಥದೇ ಹುಣ್ಣು ಎಬ್ಬಿಸಿ ತೋರಿಸಿದ್ದ. ರೋಗ ಚರ್ಮದ್ದು, ಚಿಕಿತ್ಸೆಯೂ ಚರ್ಮಕ್ಕೇ ಆಗಬೇಕು ಎಂಬುದು ಅವನ ವಾದ. ಹಾಗೆಂದು ಊಟದ ಮಾತು ಪೂರ್ತಿ ಹೋಗಲಿಲ್ಲ. 1912ರಲ್ಲಿ ನ್ಯೂಯಾರ್ಕಿನ ಆಸ್ಕರ್ ಶ್ಲಾಸ್ ಎಂಬ ಮಕ್ಕಳ ವೈದ್ಯ, ಮೊಟ್ಟೆ, ಬಾದಾಮಿ, ಓಟ್ಸ್ ತಿಂದರೆ ಮೈಯೆಲ್ಲ ದದ್ದು ಏಳುತ್ತಿದ್ದ ಹುಡುಗನೊಬ್ಬನ ಚರ್ಮವನ್ನು ಗೀರಿ ಪರೀಕ್ಷಿಸಿ ಆಹಾರದ ಅಲರ್ಜಿಯನ್ನು ಕಣ್ಣಿಗೆ ಕಾಣುವಂತೆ ಮಾಡಿದ. 1933ರಲ್ಲಿ ಅಟೋಪಿಕ್ ಡರ್ಮಟೈಟಿಸ್ ಎಂಬ ಹೆಸರು ಬಳಕೆಗೆ ಬಂತು. ಇಸುಬು, ಅಸ್ತಮಾ, ಸೀನು ಒಂದೇ ಮನೆತನದಲ್ಲಿ ಸುತ್ತಾಡುತ್ತವೆ ಎಂಬ ತಿಳಿವಳಿಕೆ ಆ ಹೆಸರಿನ ಹಿಂದಿದೆ.

ಅದೇ ವರ್ಷಗಳಲ್ಲಿ ದಕ್ಷಿಣ ಭಾರತದ ವೈದ್ಯರು ಚರ್ಮವನ್ನು ನೋಡುತ್ತಿದ್ದದ್ದು ಮತ್ತೊಂದು ಕಾರಣಕ್ಕೆ. ಬಡ ಮಕ್ಕಳ ಮೊಣಕೈ, ಮೊಣಕಾಲು, ತೊಡೆಗಳ ಮೇಲೆ ಮುಳ್ಳುಮುಳ್ಳಾದ ಒಣ ಗುಳ್ಳೆಗಳೇಳುತ್ತಿದ್ದವು. ಸಿಲೋನಿನಲ್ಲಿ ಲೂಸಿಯಸ್ ನಿಕೋಲ್ಸ್ 1933ರಲ್ಲಿ ಇದಕ್ಕೆ ಫ್ರಿನೋಡರ್ಮ, ಅಂದರೆ ಕಪ್ಪೆ ಚರ್ಮ ಎಂದು ಹೆಸರಿಟ್ಟ. ಕೂನೂರಿನ ಪೌಷ್ಟಿಕ ಸಂಶೋಧನಾ ಕೇಂದ್ರದ ಡಬ್ಲ್ಯೂ. ಆರ್. ಐಕ್ರಾಯ್ಡ್ ದಕ್ಷಿಣ ಭಾರತದ ಶಾಲಾಮಕ್ಕಳಲ್ಲಿ ಇದನ್ನೇ ಕಂಡರು. ಎ ಜೀವಸತ್ವದ ಕೊರತೆಯೇ ಕಾರಣವೆಂದು ಮೊದಲು ಬಗೆದರು. ಮುಂದೆ ಎಣ್ಣೆಯಲ್ಲಿರುವ ಅವಶ್ಯಕ ಕೊಬ್ಬಿನಾಮ್ಲಗಳು, ಬಿ ಗುಂಪಿನ ಜೀವಸತ್ವಗಳ ಕೊರತೆಯತ್ತಲೂ ಬೊಟ್ಟು ಮಾಡಿದರು. ಕಪ್ಪೆ ಚರ್ಮ ಇಸುಬಲ್ಲ. ಆದರೆ ಊಟಕ್ಕೂ ಚರ್ಮಕ್ಕೂ ನಡುವಿನ ನಂಟು ನಮ್ಮ ನೆಲದಲ್ಲಿ ಸ್ಪಷ್ಟವಾಗಿ ಕಂಡದ್ದು ಇಲ್ಲಿ, ಮತ್ತು ಅದು ಕಂಡದ್ದು ತಟ್ಟೆಯಲ್ಲಿ ಇಲ್ಲದ ಪದಾರ್ಥದಿಂದ. ಅಜ್ಜಿಯರ ಪಟ್ಟಿ ತಟ್ಟೆಯಲ್ಲಿ ಇರುವುದನ್ನು ಸಂಶಯಿಸುತ್ತಿತ್ತು. ಕೂನೂರಿನ ವರದಿಗಳು ಬರಿದಾದ ತಟ್ಟೆಯನ್ನು ತೋರಿಸುತ್ತಿದ್ದವು.

ಆ ಬರಿದಾದ ತಟ್ಟೆ ತುಂಬಲು ಕರ್ನಾಟಕದ ವಿಜ್ಞಾನಿಗಳು ಆರಿಸಿಕೊಂಡ ಪದಾರ್ಥ ಯಾವುದು? ಕಡಲೆಕಾಯಿಯೇ! ಮಲ್ಲೇಶ್ವರಕ್ಕೆ ಹತ್ತಿರದ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿದ್ದ ವಿ. ಸುಬ್ರಹ್ಮಣ್ಯನ್ ಅವರು, 1950ರಲ್ಲಿ ಮೈಸೂರಿನ ಚೆಲುವಾಂಬಾ ಅರಮನೆಯಲ್ಲಿ ತೆರೆದ ಸಿಎಫ್‌ಟಿಆರ್‌ಐ ಸಂಸ್ಥೆಯ ನಿರ್ದೇಶಕರಾದರು. ಅಲ್ಲಿ ತಯಾರಾದ ಬಹೂಪಯೋಗಿ ಆಹಾರದ ಪುಡಿಯಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು, ಕಾಲು ಪಾಲು ಕಡಲೆಹಿಟ್ಟು, ಜೊತೆಗೆ ಜೀವಸತ್ವ ಮತ್ತು ಸುಣ್ಣದ ಅಂಶ. ಕಡಿಮೆ ಖರ್ಚಿನಲ್ಲಿ ಹೆಚ್ಚು ಪ್ರೋಟೀನು ಕೊಡಲು ಅವರು ಮೊರೆಹೊಕ್ಕದ್ದು ಇದಕ್ಕೆ. ಮನೆಯಲ್ಲಿ ನಂಜೆಂದು ತೆಗೆದಿಟ್ಟದ್ದನ್ನೇ ಪ್ರಯೋಗಾಲಯ ಪುಷ್ಟಿಯೆಂದು ಹಂಚಿತು.

ಪಶ್ಚಿಮದಲ್ಲಿ ಈ ನಡುವೆ ಪಥ್ಯ ಹೊಸ ವೇಷದಲ್ಲಿ ಮರಳಿ ಬಂದಿತ್ತು. 1978ರಲ್ಲಿ ಲಂಡನ್ನಿನ ಅಥರ್ಟನ್ ಮತ್ತು ಸಂಗಡಿಗರು ಇಸುಬಿನ ಮಕ್ಕಳಿಗೆ ಮೊಟ್ಟೆ ಮತ್ತು ಹಸುವಿನ ಹಾಲನ್ನು ಬಿಡಿಸಿ ನೋಡಿದರು. ಪ್ರಯೋಗಕ್ಕೆ ಸೇರಿದ 36 ಮಕ್ಕಳಲ್ಲಿ ಕೊನೆಮುಟ್ಟಿದವರು 20; ಅವರಲ್ಲಿ 14 ಮಕ್ಕಳಿಗೆ ಗುಣ ಕಂಡಿತು. ಈ ಸುದ್ದಿ ಜಗತ್ತಿನ ತಾಯಂದಿರಿಗೆಲ್ಲ ಮುಟ್ಟಿತು. ಆದರೆ 2008ರಲ್ಲಿ ಅಲ್ಲಿಯವರೆಗಿನ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿದ ಕಾಕ್ರೇನ್ ಪರಾಮರ್ಶೆಯ ತೀರ್ಮಾನ ಬೇರೆಯೇ ಆಗಿತ್ತು. ಮೊಟ್ಟೆಯ ಅಲರ್ಜಿ ಇದೆಯೆಂದು ಅನುಮಾನವಿದ್ದು, ಪರೀಕ್ಷೆಯಲ್ಲೂ ಕಂಡುಬಂದ ಎಳೆಯ ಮಕ್ಕಳಿಗೆ ಮೊಟ್ಟೆ ಬಿಟ್ಟರೆ ಉಪಯೋಗವಾಗಬಹುದು. ಇಸುಬು ಇದೆಯೆಂಬ ಒಂದೇ ಕಾರಣಕ್ಕೆ ಎಲ್ಲರೂ ಹಾಲು–ಮೊಟ್ಟೆ ಬಿಡಬೇಕೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು ಇವನ್ನು ಬಿಟ್ಟರೆ ಮಗುವಿಗೆ ಇಸುಬು ಬರದೆಂಬುದಕ್ಕೂ ಆಧಾರ ಸಿಗಲಿಲ್ಲ. ಗರ್ಭಿಣಿಯ ತೂಕ ಕಡಿಮೆಯಾಗುವ ಸಾಧ್ಯತೆ ಮಾತ್ರ ಕಂಡಿತು. ಬಾಣಂತಿಗೆ ನಲವತ್ತು ದಿನ ಸಾರು–ಅನ್ನದಲ್ಲೇ ದಿನ ಕಳೆಯಿಸುವ ಮನೆಗಳು ಎಲ್ಲ ಜಾತಿ ಮತಗಳಲ್ಲೂ ಇವೆ. ಮಗುವಿನ ಕೆನ್ನೆ ಕೆಂಪಾದರೆ ಅವಳ ತಟ್ಟೆಯಿಂದ ಇನ್ನೂ ಒಂದು ಪದಾರ್ಥ ಹೋಗುತ್ತದೆ. ಆಕೆಯ ಎದೆಹಾಲೇ ಮಗುವಿನ ಆಹಾರ ಎಂಬುದು ಆಗ ಯಾರಿಗೂ ನೆನಪಾಗುವುದಿಲ್ಲ.

ಕಡಲೆಕಾಯಿಯ ಕಥೆಗೆ ದೊಡ್ಡ ತಿರುವು ಸಿಕ್ಕಿದ್ದು 2015ರಲ್ಲಿ. ಅದಕ್ಕೆ ಮೊದಲು ಅಲರ್ಜಿಯ ಮನೆತನದ ಮಕ್ಕಳಿಗೆ ಮೂರು ವರ್ಷ ತುಂಬುವವರೆಗೆ ಕಡಲೆಕಾಯಿ ಕೊಡಬೇಡಿ ಎಂದು ಬ್ರಿಟನ್ 1998ರಲ್ಲಿ, ಅಮೆರಿಕದ ಮಕ್ಕಳ ವೈದ್ಯರ ಸಂಘ 2000ದಲ್ಲಿ ಸಲಹೆ ಮಾಡಿದ್ದವು. ನಮ್ಮ ಅಜ್ಜಿಯರು ಲಂಡನ್ನಿನಲ್ಲೂ ಇದ್ದಾರೆ ಎನ್ನಿಸುವಂಥ ಸಲಹೆ! ಪರಿಣಾಮ ನಿರೀಕ್ಷಿಸಿದಂತೆ ಆಗಲಿಲ್ಲ, ಕಡಲೆಕಾಯಿ ಅಲರ್ಜಿ ಅಲ್ಲಿ ಹೆಚ್ಚುತ್ತಲೇ ಹೋಯಿತು. ಲಂಡನ್ನಿನ ಗಿಡಿಯನ್ ಲ್ಯಾಕ್ ಮತ್ತು ಸಂಗಡಿಗರು ಬ್ರಿಟನ್ನಿನ ಯಹೂದಿ ಮಕ್ಕಳನ್ನೂ ಇಸ್ರೇಲಿನ ಯಹೂದಿ ಮಕ್ಕಳನ್ನೂ ಹೋಲಿಸಿ ನೋಡಿದರು. ಹಾಲುಗಲ್ಲದ ವಯಸ್ಸಿನಿಂದಲೇ ಕಡಲೆಕಾಯಿಯ ಕುರುಕಲು ತಿನ್ನುವ ಇಸ್ರೇಲಿನ ಮಕ್ಕಳಲ್ಲಿ ಈ ಅಲರ್ಜಿ ಶೇ. 0.17, ಬ್ರಿಟನ್ನಿನವರಲ್ಲಿ ಶೇ. 1.85. ಆ ಬಳಿಕ ಅವರು ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, ನಾಲ್ಕರಿಂದ ಹನ್ನೊಂದು ತಿಂಗಳ 640 ಕೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕಡಲೆಕಾಯಿ ಕೊಟ್ಟರು, ಇನ್ನೊಂದಕ್ಕೆ ಪೂರ್ತಿ ಬಿಡಿಸಿದರು. ಐದು ವರ್ಷ ತುಂಬಿದಾಗ ಬಿಟ್ಟವರಲ್ಲಿ ಶೇ. 17.2 ಮಕ್ಕಳಿಗೆ ಕಡಲೆಕಾಯಿ ಅಲರ್ಜಿ ಬಂದಿತ್ತು, ತಿಂದವರಲ್ಲಿ ಶೇ. 3.2. ಜಪಾನಿನಲ್ಲಿ 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಸುಬಿನ ಕೂಸುಗಳಿಗೆ ಚರ್ಮದ ಚಿಕಿತ್ಸೆಯ ಜೊತೆಗೆ ಆರು ತಿಂಗಳಿಂದ ಬೇಯಿಸಿದ ಮೊಟ್ಟೆಯ ಪುಡಿಯನ್ನು ಅತಿ ಸಣ್ಣ ಪ್ರಮಾಣದಲ್ಲಿ ಕೊಟ್ಟಾಗ ಮೊಟ್ಟೆಯ ಅಲರ್ಜಿ ಶೇ. 8ಕ್ಕೆ ನಿಂತಿತು, ಕೊಡದವರಲ್ಲಿ ಅದು ಶೇ. 38.

ಹೀಗೇಕೆ? 2006ರಲ್ಲಿ ಡಂಡೀ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಸುಬಿನವರಲ್ಲಿ ಅನೇಕರಿಗೆ ಫಿಲಾಗ್ರಿನ್ ಎಂಬ ಪ್ರೋಟೀನಿನ ಜೀನಿನಲ್ಲಿ ದೋಷವಿದೆ ಎಂದು ತೋರಿಸಿದ್ದರು. ಚರ್ಮವೆಂಬ ಗೋಡೆಯ ಗಾರೆ ಇದು. ಗಾರೆ ಸಡಿಲವಾದರೆ ಒಳಗಿನ ತೇವ ಹೊರಗೆ ಹೋಗುತ್ತದೆ, ಹೊರಗಿನ ಧೂಳು, ಆಹಾರದ ಕಣ ಒಳಗೆ ಬರುತ್ತವೆ. ಬಿರುಕು ಬಿಟ್ಟ ಚರ್ಮದ ಮೂಲಕ ಮೊದಲು ಪರಿಚಯವಾದ ಆಹಾರವನ್ನು ದೇಹ ಕಳ್ಳನೆಂದು ಗುರುತಿಟ್ಟುಕೊಳ್ಳುತ್ತದೆ. ಬಾಯಿಯ ಮೂಲಕ, ಹೊಟ್ಟೆಯ ದಾರಿಯಲ್ಲಿ ಪರಿಚಯವಾದರೆ ನೆಂಟನೆಂದು ಒಪ್ಪಿಕೊಳ್ಳುತ್ತದೆ. ಇದು ಲ್ಯಾಕ್ ಅವರ ವಿವರಣೆ. ಅದಕ್ಕೆ ಪುಷ್ಟಿ ಕೊಡುವ ಘಟನೆ ಜಪಾನಿನಲ್ಲಿ ನಡೆಯಿತು. ಗೋಧಿಯ ಪ್ರೋಟೀನು ಬೆರೆಸಿದ ಮುಖ ತೊಳೆಯುವ ಸಾಬೂನು ಬಳಸಿದ ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ಗೋಧಿಯ ಅಲರ್ಜಿ ಅಂಟಿಕೊಂಡಿತು. 2011ರಲ್ಲಿ ಸಾಬೂನನ್ನು ಹಿಂದಕ್ಕೆ ಪಡೆದರು. ಆವರೆಗೆ ಆರಾಮವಾಗಿ ಗೋಧಿ ತಿನ್ನುತ್ತಿದ್ದವರು ಅವರು. ಕಡಲೆಹಿಟ್ಟು, ಹೆಸರುಹಿಟ್ಟು, ಹಾಲಿನ ಕೆನೆ ಹಚ್ಚಿ ಕೂಸಿಗೆ ಎರೆಯುವ ಪದ್ಧತಿ ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಇದೆ. ನೆಟ್ಟಗಿರುವ ಚರ್ಮದ ಮಾತು ಬೇರೆ. ಇಸುಬಿನಿಂದ ಬಿರಿದ ಚರ್ಮಕ್ಕೆ ತಿನ್ನುವ ಪದಾರ್ಥವನ್ನು ಉಜ್ಜದೆ ಇರುವುದೇ ಲೇಸೆಂದು ಈ ವಿವರಣೆಯಿಂದ ತಿಳಿಯುತ್ತದೆ. ಒಟ್ಟಿನಲ್ಲಿ ನಾವು ತಿನ್ನಬೇಕಾದದ್ದನ್ನು ಹಚ್ಚುತ್ತಿದ್ದೆವು, ಹಚ್ಚಿದ್ದನ್ನು ತಿನ್ನಬೇಡ ಎನ್ನುತ್ತಿದ್ದೆವು.

ಇಷ್ಟು ಓದಿ ಯಾರೂ ಇಂದೇ ಕೂಸಿನ ಬಾಯಿಗೆ ಕಡಲೆಕಾಯಿ ತುರುಕಬಾರದು. ಇಡೀ ಬೀಜ ಎಳೆಯರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕೊಡಬೇಕಾದದ್ದು ನುಣ್ಣಗೆ ಅರೆದು ಗಂಜಿಯಲ್ಲಿ ಕದಡಿ. ತೀವ್ರ ಇಸುಬು ಇದ್ದ ಕೂಸಿಗೆ ವೈದ್ಯರನ್ನು ಕೇಳಿಯೇ ಮೊದಲ ತುತ್ತು. ಒಂದು ಪದಾರ್ಥ ತಿಂದ ಕೆಲವೇ ನಿಮಿಷಗಳಲ್ಲಿ ತುಟಿ ಊದಿ, ದದ್ದೆದ್ದು, ಉಸಿರು ಕಟ್ಟಿದರೆ ಅದು ನಿಜವಾದ ಅಲರ್ಜಿ. ಆಗ ಆ ಒಂದು ಪದಾರ್ಥವನ್ನು ಬಿಡಲೇಬೇಕು, ಆಸ್ಪತ್ರೆಗೆ ಓಡಲೇಬೇಕು.

ಬೆಂಗಳೂರಿನವರದೇ ಒಂದು ಲೆಕ್ಕ ಇಲ್ಲಿ ಬಹಳ ಮುಖ್ಯ. ಯುರೋಪ್ರಿವಾಲ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಭಾಗವಾಗಿ ಬೆಂಗಳೂರು ಮತ್ತು ಮೈಸೂರಿನ 11,791 ವಯಸ್ಕರನ್ನು ವಿಚಾರಿಸಿ, ಅವರಲ್ಲಿ ಒಂದು ಪಾಲಿನವರ ರಕ್ತವನ್ನು ಪರೀಕ್ಷಿಸಲಾಯಿತು. ಫಲಿತಾಂಶ 2016ರಲ್ಲಿ ಪ್ರಕಟವಾಯಿತು. ರಕ್ತಪರೀಕ್ಷೆಯಲ್ಲಿ ಯಾವುದಾದರೊಂದು ಆಹಾರಕ್ಕೆ ಪಾಸಿಟಿವ್ ಬಂದವರ ಪ್ರಮಾಣ ಶೇ. 26.5. ಆಹಾರದ ಅಲರ್ಜಿ ಇರಬಹುದಾದವರು ಶೇ. 1.2 ಮಾತ್ರ. ಅಂದರೆ ನಾಲ್ವರಲ್ಲಿ ಒಬ್ಬರ ರಕ್ತ ಏನನ್ನೋ ಕಂಡು ಹುಬ್ಬು ಗಂಟಿಕ್ಕುತ್ತದೆ, ಆದರೆ ನೂರಕ್ಕೆ ಒಬ್ಬರಿಗೆ ಮಾತ್ರ ಅದರಿಂದ ತೊಂದರೆ. ಉಳಿದವರು ಅದನ್ನೇ ತಿಂದುಕೊಂಡು ಹಾಯಾಗಿದ್ದಾರೆ.

ಈ ಎರಡು ಅಂಕಿಗಳ ನಡುವಿನ ಕಂದಕದಲ್ಲಿ ಈಗ ಒಂದು ವ್ಯಾಪಾರ ನಡೆಯುತ್ತಿದೆ. ಒಂದೇ ಹನಿ ರಕ್ತದಲ್ಲಿ ನೂರಾರು ಆಹಾರಗಳ ಅಲರ್ಜಿ ಪತ್ತೆ ಹಚ್ಚುತ್ತೇವೆಂದು ಹೇಳುವ ಲ್ಯಾಬುಗಳು ನಗರದಲ್ಲಿವೆ. ಪರಿಚಯದ ತಾಯಿಯೊಬ್ಬರು ಇಸುಬಿದ್ದ ನಾಲ್ಕು ವರ್ಷದ ಮಗನಿಗೆ ಇಂಥದೊಂದು ಪರೀಕ್ಷೆ ಮಾಡಿಸಿ, ಬಣ್ಣಬಣ್ಣದ ವರದಿ ತಂದು ತೋರಿಸಿದರು. ಹಾಲು, ಮೊಟ್ಟೆ, ಗೋಧಿ, ತೊಗರಿ, ಎಳ್ಳು, ಟೊಮ್ಯಾಟೊ ಎಲ್ಲಕ್ಕೂ ಕೆಂಪು ಗುರುತು. 'ಇನ್ನು ಇವನಿಗೆ ಏನು ಕೊಡಲಿ ಭಾಯಿ?' ಎಂದು ಕೇಳಿದರು. ಹುಡುಗ ಈ ಹಿಂದೆ ಇವನ್ನೆಲ್ಲ ತಿನ್ನುತ್ತಿದ್ದ, ತಿಂದಾಗ ಏನೂ ಆಗಿರಲಿಲ್ಲ. ಪರೀಕ್ಷೆಯವರು ಅದನ್ನು ಕೇಳಿರಲೇ ಇಲ್ಲ. ಹಕೀಮರು ಕೇಳುತ್ತಿದ್ದರು! ವರದಿಗೆ ಕಂಪ್ಯೂಟರಿನ ಅಕ್ಷರ ಇರುವುದರಿಂದ ಅಜ್ಜಿಯ ಪಟ್ಟಿಗಿಂತ ಅದರ ಅಧಿಕಾರ ಹೆಚ್ಚು, ಉದ್ದವೂ ಹೆಚ್ಚು. ಆರೋಗ್ಯವಾಗಿ ತಿಂದುಕೊಂಡಿದ್ದ ಆಹಾರವನ್ನು ವರ್ಷಗಟ್ಟಲೆ ಬಿಡಿಸಿ ಮತ್ತೆ ಕೊಟ್ಟಾಗ ಮಕ್ಕಳಿಗೆ ತೀವ್ರ ಅಲರ್ಜಿ ಕಾಣಿಸಿಕೊಂಡ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ. ಇಲ್ಲದ ಅಲರ್ಜಿಯನ್ನು ಪಥ್ಯವೇ ಹುಟ್ಟಿಸಿದಂತೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ; ಶೇ. 65.5ರಷ್ಟು ಮಕ್ಕಳಿಗೆ ರಕ್ತಹೀನತೆ. ಉಳ್ಳವರ ಮನೆಯ ಮಗು ಹಾಲು ಬಿಟ್ಟರೆ ಬಾದಾಮಿ ಬರುತ್ತದೆ. ಪಾದರಾಯನಪುರದ ಬಾಡಿಗೆ ಕೋಣೆಯಲ್ಲಿ ಮೊಟ್ಟೆ ನಿಂತರೆ ಅದರ ಜಾಗಕ್ಕೆ ಬರುವುದು ಇನ್ನೊಂದು ಹಿಡಿ ಅನ್ನ, ತಿಳಿಸಾರು. ಇಸುಬು ಎರಡೂ ಮಕ್ಕಳಿಗೆ ಒಂದೇ, ಪಥ್ಯದ ಬೆಲೆ ಒಂದೇ ಅಲ್ಲ.

ಹಾಗಾದರೆ ಇಸುಬಿನವರ ಚರ್ಮಕ್ಕೆ ಊಟ ಏನನ್ನು ಮಾಡಬಲ್ಲದು? ಗುಣಪಡಿಸಲಾರದು. ದಿನಕ್ಕೆರಡು ಬಾರಿ ತೇವ ಹಿಡಿಯುವ ಮುಲಾಮು, ಕೆರಳಿದಾಗ ವೈದ್ಯರು ಹೇಳಿದ ಔಷಧಿ, ಇವುಗಳ ಜಾಗವನ್ನು ಯಾವ ಕಷಾಯವೂ ತುಂಬುವುದಿಲ್ಲ. ಮೀನೆಣ್ಣೆ, ಬಗೆಬಗೆಯ ಬೀಜದೆಣ್ಣೆಗಳ ಮಾತ್ರೆಗಳನ್ನು ಪ್ರಯೋಗಿಸಿ ನೋಡಿದ್ದಾರೆ, ಹೇಳಿಕೊಳ್ಳುವಂಥ ಫಲ ಸಿಕ್ಕಿಲ್ಲ. ಆದರೆ ತುರಿಸಿ ತುರಿಸಿ ಗಾಯವಾದ ಚರ್ಮ ಮತ್ತೆ ಹೆಣೆದುಕೊಳ್ಳಲು ಪ್ರೋಟೀನು, ಸತು, ಕಬ್ಬಿಣ, ಎ ಜೀವಸತ್ವ, ಒಳ್ಳೆಯ ಎಣ್ಣೆ ಬೇಕೇ ಬೇಕು. ಅವು ಸಿಗುವುದು ನಾವು ನಂಜೆಂದು ಬದಿಗಿಟ್ಟ ಮೊಟ್ಟೆ, ಮೀನು, ಬೇಳೆ, ಎಳ್ಳು, ಕಡಲೆಕಾಯಿಗಳಲ್ಲೇ. ರಾಗಿ ಮುದ್ದೆಗೆ ಸೊಪ್ಪಿನ ಬಸ್ಸಾರು, ದಾಲ್ಚಾಗೆ ಒಂದು ತುಂಡು ಮಾಂಸ, ಮಾಗಿದ ಪಪಾಯಿ ಇವೆಲ್ಲ ಇಸುಬಿನ ಮಗುವಿಗೂ ಊಟವೇ. ಟೊಮ್ಯಾಟೊ, ಹುಣಸೆ, ನಿಂಬೆಯ ಹುಳಿ ಬಾಯಿಯ ಸುತ್ತಲಿನ ಒಡೆದ ಚರ್ಮಕ್ಕೆ ತಗುಲಿ ಉರಿಯಬಹುದು, ಕೆಂಪಾಗಬಹುದು. ಅದು ಅಲರ್ಜಿಯಲ್ಲ. ಊಟಕ್ಕೆ ಮೊದಲು ಬಾಯಿಯ ಸುತ್ತ ಸ್ವಲ್ಪ ವ್ಯಾಸಲೀನು ಸವರಿದರೆ ಮುಗಿಯಿತು. ಅಜ್ಜಿಯರು ಹುಳಿಯನ್ನು ಶಂಕಿಸಿದ್ದು ಬಹುಶಃ ಈ ಕೆಂಪನ್ನು ಕಂಡೇ ಇರಬೇಕು. ಅವರ ಕಣ್ಣು ಸರಿಯಾಗಿಯೇ ಕಂಡಿತ್ತು, ಕಾರಣವನ್ನು ಹೊಟ್ಟೆಯಲ್ಲಿ ಹುಡುಕಿದರು.

ಹಳೆಯ ಪಟ್ಟಿಯಲ್ಲಿ ಇನ್ನೂ ಒಂದು ಮಾತಿತ್ತು: ಉಪ್ಪು ಕಡಿಮೆ ಮಾಡಿ, ಉಪ್ಪಿನಕಾಯಿ, ಹಪ್ಪಳ, ಒಣಮೀನು ಬಿಡಿ. ಹಕೀಮರೂ ಪಂಡಿತರೂ ಚರ್ಮರೋಗಕ್ಕೆ ಇದನ್ನು ಹೇಳುತ್ತ ಬಂದರು, ಆಧುನಿಕ ವೈದ್ಯರು ಬಹುಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. 2024ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಬ್ರಿಟನ್ನಿನ ಲಕ್ಷಾಂತರ ಜನರ ಮೂತ್ರದಲ್ಲಿನ ಸೋಡಿಯಂ ಅಂಶವನ್ನು ಅವರ ಆರೋಗ್ಯದ ದಾಖಲೆಗಳೊಂದಿಗೆ ಹೋಲಿಸಿದರು. ದಿನಕ್ಕೆ ಒಂದು ಗ್ರಾಂ ಸೋಡಿಯಂ ಹೆಚ್ಚಾದಂತೆ ಇಸುಬಿನ ಸಂಭವ ಶೇ. 11ರಷ್ಟು ಹೆಚ್ಚಿರುವುದು ಕಂಡಿತು. ಒಂದು ಗ್ರಾಂ ಸೋಡಿಯಂ ಎಂದರೆ ಸುಮಾರು ಎರಡೂವರೆ ಗ್ರಾಂ ಉಪ್ಪು, ಅರ್ಧ ಚಮಚಕ್ಕಿಂತ ಸ್ವಲ್ಪ ಕಡಿಮೆ. ಇದು ಹೋಲಿಕೆಯ ಲೆಕ್ಕ ಮಾತ್ರ. ಉಪ್ಪು ಕಡಿಮೆ ಮಾಡಿದರೆ ಇಸುಬು ತಗ್ಗುತ್ತದೆಯೇ ಎಂಬುದನ್ನು ರೋಗಿಗಳಿಗೆ ಊಟ ಬಡಿಸಿಯೇ ನೋಡಬೇಕು.